ಹೆಪ್ಪುಗಟ್ಟಿದ ಜಲಪಾತ ಹತ್ತುವ ಆಸೆ: ಹೋಗಬಹುದು, ಆದರೆ ಈ ಯೋಜನೆಯಲ್ಲಿ ಬೇಡ

ಪ್ರಶ್ನೆ: ಮೂರು ವರ್ಷಗಳಿಂದ ಒಳಾಂಗಣ ಗೋಡೆಯ ಮೇಲೆ ಕ್ಲೈಂಬಿಂಗ್ ಮಾಡುತ್ತಿದ್ದೇನೆ. ಹೊರಗೆ ಬಂಡೆಯ ಮೇಲೂ ಲೀಡ್ (ಹಗ್ಗ ಕಟ್ಟಿಕೊಂಡು ಎಲ್ಲರಿಗಿಂತ ಮುಂದೆ ಹತ್ತುವುದು) ಮಾಡಿದ ಅನುಭವವಿದೆ. ಈ ಚಳಿಗಾಲದಲ್ಲಿ ಸುಮಾರು 60 ಮೀಟರ್ ಎತ್ತರದ ಹೆಪ್ಪುಗಟ್ಟಿದ ಜಲಪಾತವೊಂದನ್ನು ಹತ್ತೋಣ ಎಂದು ಇಬ್ಬರು ಸ್ನೇಹಿತರು ಕರೆಯುತ್ತಿದ್ದಾರೆ. ಮೇಲೆ ಮುಟ್ಟಿದ ಮೇಲೆ 45 ಡಿಗ್ರಿಯ ಗಡ್ಡೆಗಟ್ಟಿದ ಇಳಿಜಾರನ್ನು ಮೂವರೂ ಒಂದೇ ಹಗ್ಗಕ್ಕೆ ಕಟ್ಟಿಕೊಂಡು ದಾಟಿ, ಆಚೆ ಬದಿಯಿಂದ ಇಳಿಯುವುದು ಅವರ ಲೆಕ್ಕ. ಅವರಲ್ಲಿ ಒಬ್ಬನಿಗೆ ಎರಡು ಸೀಸನ್‌ಗಳ ಅನುಭವ ಇದೆ. “ಚಳಿ ಜಾಸ್ತಿ ಆದಷ್ಟೂ ಮಂಜುಗಡ್ಡೆ ಗಟ್ಟಿ. ಒಂದು ಸ್ಕ್ರೂ (ಹಗ್ಗ ಸಿಕ್ಕಿಸಲು ಮಂಜುಗಡ್ಡೆಗೆ ತಿರುಗಿಸಿ ಕೂರಿಸುವ ಲೋಹದ ಕೊಳವೆ) ಒಂದು ಟನ್ ತಡೆಯುತ್ತೆ. ಬಿದ್ದರೂ ಹಗ್ಗ ಹಿಡಿಯುತ್ತೆ. ನಿನ್ನ ತೋಳಲ್ಲಿ ಶಕ್ತಿ ಇದೆ, ಎರಡನೇ ಪಿಚ್ ನೀನೇ ಲೀಡ್ ಮಾಡು” ಅನ್ನುತ್ತಾನೆ. ಮನೆಯಲ್ಲಿ ಮಾತ್ರ ಬೇಡವೇ ಬೇಡ ಎನ್ನುತ್ತಿದ್ದಾರೆ. ನನಗೆ ಆಸೆಯೂ ಇದೆ, ಭಯವೂ ಇದೆ. ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಆಸೆಯನ್ನು ಬಿಡಬೇಕಾಗಿಲ್ಲ. ಆದರೆ ನೀವು ಬರೆದಿರುವ ಯೋಜನೆಯಲ್ಲಿ ಮೊದಲ ಬಾರಿಗೆ ಹೋಗಬೇಡಿ. ಎರಡನೇ ಪಿಚ್, ಅಂದರೆ ಒಂದು ಹಗ್ಗದುದ್ದದೊಳಗಿನ ಎರಡನೇ ಹಂತ, ಲೀಡ್ ಮಾಡುವುದಂತೂ ಬೇಡ. ನಿಮ್ಮ ಸ್ನೇಹಿತ ಹೇಳಿದ ನಾಲ್ಕು ಮಾತುಗಳಲ್ಲಿ ಪ್ರತಿಯೊಂದರಲ್ಲೂ ಅರ್ಧ ಸತ್ಯವಿದೆ. ಉಳಿದ ಅರ್ಧದಲ್ಲೇ ಜನ ಪೆಟ್ಟು ತಿನ್ನುವುದು.

ಬಂಡೆಯಿಂದ ಬಂದವರು ಬಿಡಬೇಕಾದ ಮೊದಲ ನಂಬಿಕೆ, ‘ಹೋದ ವಾರ ಗಟ್ಟಿಯಾಗಿತ್ತು, ಇವತ್ತೂ ಗಟ್ಟಿಯಾಗಿರುತ್ತದೆ’ ಎಂಬುದು. ಬಂಡೆ ಹಾಗಿರುತ್ತದೆ. ಮಂಜುಗಡ್ಡೆ ಬೆಳಿಗ್ಗೆ ಏಳಕ್ಕೆ ಒಂದು ಥರ, ಬಿಸಿಲು ತಾಗಿದ ಹನ್ನೊಂದಕ್ಕೆ ಇನ್ನೊಂದು ಥರ. ಈ ಆಟದಲ್ಲಿ ತೋಳಿನ ಕೌಶಲಕ್ಕಿಂತ ‘ಇವತ್ತು, ಈ ಹೊತ್ತಿಗೆ, ಇಲ್ಲಿ ಹತ್ತಬಹುದೇ’ ಎಂದು ತೀರ್ಮಾನಿಸುವ ಕೌಶಲ ದೊಡ್ಡದು. ಅದು ಗೋಡೆಯ ಮೇಲೆ ಸಿಗುವಂಥದ್ದಲ್ಲ.

ಆಕರ್ಷಣೆಯ ಮೂಲವೂ ಇದೇ. ಬಂಡೆಯಲ್ಲಿ ಪ್ರಕೃತಿ ಕೊಟ್ಟ ಹಿಡಿತವನ್ನೇ ಹುಡುಕಬೇಕು, ಇಲ್ಲಿ ಹಿಡಿತವನ್ನು ನೀವೇ ಮಾಡಿಕೊಳ್ಳುತ್ತೀರಿ. ಬೇಸಿಗೆಯಲ್ಲಿ ಧುಮುಕುವ ನೀರಿನ ನಡುವೆ, ಯಾರೂ ಕಾಲಿಡಲಾಗದ ಜಾಗದಲ್ಲಿ, ಕೆಲವೇ ವಾರಗಳ ಮಟ್ಟಿಗೆ ಒಂದು ದಾರಿ ಹುಟ್ಟುತ್ತದೆ. ಮುಂದಿನ ವರ್ಷ ಅದೇ ಜಾಗದಲ್ಲಿ ಬೇರೆಯದೇ ಆಕಾರ. ಟೂಲ್ (ಕೈಯಲ್ಲಿ ಹಿಡಿದು ಮಂಜುಗಡ್ಡೆಗೆ ಹೊಡೆಯುವ ಮೊನೆಯ ಕೊಡಲಿ) ಸರಿಯಾಗಿ ಕಚ್ಚಿದಾಗ ಬರುವ ‘ಥಡ್’ ಎಂಬ ತುಂಬಿದ ಶಬ್ದ ಕೇಳಿದವರಿಗೆ ಮತ್ತೆ ಮತ್ತೆ ಹೋಗಬೇಕೆನಿಸುವುದು ಸಹಜ. ಈ ಸೆಳೆತವನ್ನು ಹುಚ್ಚು ಎಂದು ತಳ್ಳಿಹಾಕುವವನು ನಾನಲ್ಲ. ಇನ್ನು ಒಂದೊಂದೇ ಮಾತನ್ನು ನೋಡೋಣ.

“ಚಳಿ ಜಾಸ್ತಿ ಆದಷ್ಟೂ ಗಟ್ಟಿ”

ಗಟ್ಟಿಯಾಗುವುದು ನಿಜ, ಜೊತೆಗೆ ಏಟಿಗೆ ಸಿಡಿಯುವಷ್ಟು ಪೆಡಸೂ ಆಗುತ್ತದೆ. ಹತ್ತಲು ಹದವಾದ ತಾಪಮಾನ ಸುಮಾರು ಮೈನಸ್ 2ರಿಂದ ಮೈನಸ್ 8 ಡಿಗ್ರಿ ಸೆಲ್ಸಿಯಸ್. ಆಗ ಮಂಜುಗಡ್ಡೆಗೆ ಸ್ವಲ್ಪ ಮೆತುತನ ಇರುತ್ತದೆ, ಟೂಲಿನ ಮೊನೆ ಒಂದೇ ಏಟಿಗೆ ಕಚ್ಚಿ ನಿಲ್ಲುತ್ತದೆ. ಮೈನಸ್ 15ಕ್ಕಿಂತ ಕೆಳಗೆ ಹೋದರೆ ಅದೇ ಏಟಿಗೆ ಊಟದ ತಟ್ಟೆಯಷ್ಟು ಅಗಲದ ಚೂರುಗಳು ಸಿಡಿಯುತ್ತವೆ. ಒಂದು ಹಿಡಿತಕ್ಕೆ ನಾಲ್ಕೈದು ಏಟು ಬೇಕಾಗುತ್ತದೆ, ತೋಳು ಬೇಗ ಸೋಲುತ್ತದೆ, ಕೆಳಗೆ ನಿಂತವರ ಮೇಲೆ ಚೂರುಗಳ ಮಳೆ ಸುರಿಯುತ್ತದೆ.

ಇದಕ್ಕಿಂತ ಅಪಾಯದ ಸಂಗತಿ ತಾಪಮಾನ ಬದಲಾಗುವ ವೇಗ. ಮಂಜುಗಡ್ಡೆ ಚಳಿಗೆ ಕುಗ್ಗುತ್ತದೆ. 20 ಮೀಟರ್ ಎತ್ತರದ ಕಂಬ 10 ಡಿಗ್ರಿ ತಣ್ಣಗಾದರೆ ಸುಮಾರು 1 ಸೆಂಟಿಮೀಟರ್ ಗಿಡ್ಡವಾಗಬೇಕು. ಆದರೆ ಅದರ ತಲೆ ಬಂಡೆಗೆ ಅಂಟಿದೆ, ಬುಡ ನೆಲಕ್ಕೆ ಅಂಟಿದೆ. ಕುಗ್ಗಲು ಜಾಗವಿಲ್ಲದೆ ಇಡೀ ಕಂಬ ಎಳೆತದಲ್ಲಿ ನಿಲ್ಲುತ್ತದೆ. ಮೇಲಾಗಿ ಹೊರಪದರ ಮೊದಲು ತಣ್ಣಗಾಗುತ್ತದೆ, ಒಳಗಿನ ತಿರುಳು ಇನ್ನೂ ಬೆಚ್ಚಗೇ ಇರುತ್ತದೆ. ಬಿಸಿ ಗಾಜಿನ ಲೋಟಕ್ಕೆ ತಣ್ಣೀರು ಸುರಿದರೆ ಬಿರುಕು ಬಿಡುವುದು ಇದೇ ಕಾರಣಕ್ಕೆ. ಇಂಥ ಕಂಬಕ್ಕೆ ನೀವು ಕೊಡುವ ಒಂದು ಏಟು ಆ ಎಳೆತವನ್ನೆಲ್ಲ ಒಮ್ಮೆಲೇ ಬಿಚ್ಚಬಹುದು, ಕಂಬ ಅಡ್ಡಡ್ಡ ಸೀಳಬಹುದು. ಕಂಬದ ಮೇಲ್ಭಾಗದಲ್ಲಿ ಅಡ್ಡಕ್ಕೆ ಹರಿದ ಬಿರುಕು ಕಂಡರೆ ಅದು ಈಗಾಗಲೇ ಒಮ್ಮೆ ಮುರಿದಿದೆ ಎಂದರ್ಥ. ಬಂಡೆಗೆ ಬೆನ್ನು ಕೊಟ್ಟಿರದ ಸ್ವತಂತ್ರ ಕಂಬಗಳನ್ನು ತೀವ್ರ ಚಳಿ ಇಳಿದ ಮರುದಿನವೇ ಹತ್ತುವುದು ಅನುಭವಿಗಳೂ ತಪ್ಪಿಸುವ ಕೆಲಸ.

ಬಿಸಿಲಿನ ಕಥೆ ಇನ್ನೊಂದು. ಬಿಸಿಲು ಮಂಜುಗಡ್ಡೆಯ ಮೇಲ್ಮೈಯನ್ನಷ್ಟೇ ಕರಗಿಸುವುದಿಲ್ಲ. ಅರೆಪಾರದರ್ಶಕ ಮಂಜುಗಡ್ಡೆಯ ಮೂಲಕ ಹಾದು ಹಿಂದಿನ ಕಪ್ಪು ಬಂಡೆಯನ್ನು ಕಾಯಿಸುತ್ತದೆ. ಹಿಂದೆ ನೀರು ಹರಿಯತೊಡಗಿದರೆ ಮಂಜುಗಡ್ಡೆಯ ಹಾಳೆ ಬಂಡೆಯಿಂದ ಬಿಡಿಸಿಕೊಳ್ಳುತ್ತದೆ. ಮುಂದಿನಿಂದ ನೋಡಿದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಉತ್ತರ ಗೋಳಾರ್ಧದಲ್ಲಿ ದಕ್ಷಿಣಕ್ಕೂ ಪೂರ್ವಕ್ಕೂ ಮುಖ ಮಾಡಿದ ಜಲಪಾತಗಳಲ್ಲಿ ಇದು ಬೆಳಿಗ್ಗೆಯೇ ಶುರುವಾಗಬಹುದು. ಹಿಂದಿನ ರಾತ್ರಿ ತಾಪಮಾನ ಸೊನ್ನೆಗಿಂತ ಕೆಳಗೆ ಇಳಿಯದಿದ್ದರೆ ಆ ದಿನ ಚೀಲ ಬಿಚ್ಚಲೇಬೇಡಿ.

ಬಣ್ಣ ಒಂದಿಷ್ಟು ಸುಳಿವು ಕೊಡುತ್ತದೆ. ತಿಳಿನೀಲಿ ಎಂದರೆ ಗಾಳಿಗುಳ್ಳೆ ಕಡಿಮೆಯಿರುವ ದಟ್ಟ ಮಂಜುಗಡ್ಡೆ. ಹಾಲುಬಿಳುಪಿನದರಲ್ಲಿ ಗಾಳಿ ಹೆಚ್ಚು: ಟೂಲ್ ಸಲೀಸಾಗಿ ಕಚ್ಚುತ್ತದೆ, ಸ್ಕ್ರೂಗೆ ನಂಬಿಕೆ ಕಡಿಮೆ. ಬೂದು ಬಣ್ಣದ ತೆಳು ಹಾಳೆಯ ಹಿಂದೆ ನೀರು ಓಡುವುದು ಕಂಡರೆ ದೂರ ಇರಿ. ಆದರೆ ನೀಲಿ ಕಂಡ ಮಾತ್ರಕ್ಕೆ ಸುರಕ್ಷಿತ ಎನ್ನಲಾಗದು, ಎಳೆತದಲ್ಲಿರುವ ಕಂಬವೂ ನೀಲಿಯಾಗಿಯೇ ಇರುತ್ತದೆ. ಬಣ್ಣಕ್ಕಿಂತ ಶಬ್ದವನ್ನು ನಂಬಿ. ಡೊಳ್ಳು ಡೊಳ್ಳಾಗಿ ಕೇಳಿದರೆ ಒಳಗೆ ಟೊಳ್ಳಿದೆ.

“ಸ್ಕ್ರೂ ಒಂದು ಟನ್ ತಡೆಯುತ್ತೆ, ಬಿದ್ದರೂ ಹಗ್ಗ ಹಿಡಿಯುತ್ತೆ”

ಐಸ್ ಸ್ಕ್ರೂಗಳಿಗೆ ಮಾನದಂಡ ಕೇಳುವ ಬಲ 10 ಕಿಲೋನ್ಯೂಟನ್, ಅಂದರೆ ಹೆಚ್ಚುಕಡಿಮೆ 1,000 ಕಿಲೋ ತೂಕದಷ್ಟು. ನಿಮ್ಮ ಸ್ನೇಹಿತನ ಸಂಖ್ಯೆ ಸರಿ. ಆ ಬಲ ಬರುವುದು ಹರಿತವಾದ ಸ್ಕ್ರೂ ಗಟ್ಟಿ ಮಂಜುಗಡ್ಡೆಯಲ್ಲಿ ಪೂರ್ತಿ ಕೂತಾಗ. ಹೊರಗಿನ ಗೋಡೆಯಲ್ಲಿ ಕೂರಿಸುವುದು ದಣಿದ ಕೈ, ಅದೂ ಒಂದೇ ಕೈ. ಇನ್ನೊಂದು ಕೈ ಟೂಲ್ ಹಿಡಿದು ನೇತಾಡುತ್ತಿರುತ್ತದೆ.

ಸರಿಯಾಗಿ ಕೂರಿಸುವ ಕ್ರಮ ಹೀಗೆ. ಮೊದಲು ಟೂಲಿನಿಂದ ಮೇಲಿನ ಪೊಳ್ಳು ಪದರವನ್ನು ಕೆತ್ತಿ ತೆಗೆದು ಒಳಗಿನ ಗಟ್ಟಿ ಮೈಯನ್ನು ತಲುಪಬೇಕು. ಉಬ್ಬಿದ ಜಾಗ ಬೇಡ, ಅದು ಸಿಡಿಯುತ್ತದೆ. ಸಮತಟ್ಟಾದ ಅಥವಾ ತುಸು ಒಳಗೆ ಬಾಗಿದ ಜಾಗ ಆರಿಸಿ. ಸ್ಕ್ರೂ ಸೊಂಟದ ಮಟ್ಟದಲ್ಲಿರಲಿ. ತಲೆಯ ಮೇಲೆ ಕೂರಿಸಲು ಹೋದರೆ ಒತ್ತಡ ಕೊಡಲಾಗದೆ ತೋಳು ಸೋಲುತ್ತದೆ. ಟೂಲಿನ ಮೊನೆಯಿಂದ ಸಣ್ಣ ಕುಳಿ ಮಾಡಿಕೊಂಡು, ಒತ್ತಿ ಹಿಡಿದು ಎರಡು ಸುತ್ತು ತಿರುಗಿಸಿದರೆ ಹಲ್ಲುಗಳು ಕಚ್ಚುತ್ತವೆ. ಆಮೇಲೆ ಹಿಡಿಕೆ ತಿರುಗಿಸುತ್ತ ಹೋಗಿ. ಮೇಲ್ಮೈಗೆ ಲಂಬವಾಗಿ, ಇಲ್ಲವೇ ಹೊರತುದಿ ಅತ್ಯಲ್ಪ ಕೆಳಗಿರುವಂತೆ ಕೂರಿಸಬೇಕು. ಹೊರತುದಿಯನ್ನು ಮೇಲಕ್ಕೆತ್ತಿ ಹಾಕಿದರೆ ಭದ್ರ ಎಂಬುದು ಗೂಟ ಹೊಡೆದು ಅಭ್ಯಾಸವಾದವರ ಊಹೆ. ಒಳ್ಳೆಯ ಮಂಜುಗಡ್ಡೆಯಲ್ಲಿ ಭಾರ ಹೊರುವುದು ಸ್ಕ್ರೂವಿನ ಮೈಮೇಲಿನ ಸುರುಳಿ ಎಳೆಗಳು, ಕೊಳವೆಯ ಕೆಳಗಿನ ಮಂಜುಗಡ್ಡೆ ಅಲ್ಲ. ಮೇಲಕ್ಕೆತ್ತಿ ಹಾಕಿದರೆ ಬಾಯಿಯ ಹತ್ತಿರದ ಮಂಜುಗಡ್ಡೆ ಪುಡಿಯಾಗುತ್ತದೆ.

ತಿರುಗಿಸುವಾಗ ಕೊಳವೆಯಿಂದ ಹೊರಬರುವ ತಿರುಳನ್ನು ನೋಡುತ್ತಿರಿ. ಮುರಿಯದೆ ಒಂದೇ ಸಮನೆ ಬಂದರೆ ಒಳ್ಳೆಯದು. ನಡುವೆ ಸ್ಕ್ರೂ ದಿಢೀರ್ ಸಡಿಲವಾಗಿ ಒಳಗೆ ಹೋದರೆ, ನೀರು ಚಿಮ್ಮಿದರೆ, ಒಳಗೆ ಪೊಳ್ಳಿದೆ. ತೆಗೆದು ಒಂದಡಿ ದೂರದಲ್ಲಿ ಮತ್ತೆ ಹಾಕಿ. ಸ್ಕ್ರೂಗಳು ಸಾಮಾನ್ಯವಾಗಿ 10, 13, 16, 19, 22 ಸೆಂಟಿಮೀಟರ್ ಉದ್ದದಲ್ಲಿ ಸಿಗುತ್ತವೆ. ತೆಳು ಮಂಜುಗಡ್ಡೆಯಲ್ಲಿ ಅರ್ಧ ಹೊರಗೆ ನಿಂತ 19ಕ್ಕಿಂತ ಪೂರ್ತಿ ಒಳಗೆ ಕೂತ 13 ಮೇಲು. ತೆಗೆದ ಕೂಡಲೇ ಕೊಳವೆಯೊಳಗಿನ ತಿರುಳನ್ನು ಊದಿ, ಕೊಡವಿ ಹೊರಹಾಕಿ. ಅಲ್ಲೇ ಹೆಪ್ಪುಗಟ್ಟಿದರೆ ಮುಂದಿನ ಸಲ ಆ ಸ್ಕ್ರೂ ಒಳಗೆ ಹೋಗುವುದಿಲ್ಲ. ಬಿಸಿಲಿಗೆ ಬಿದ್ದ ಸ್ಕ್ರೂ ಲೋಹವಾದ್ದರಿಂದ ಕಾದು ತನ್ನ ಸುತ್ತಲಿನ ಮಂಜುಗಡ್ಡೆಯನ್ನು ಕರಗಿಸಿ ಸಡಿಲಾಗುತ್ತದೆ. ಅದರ ಮೇಲೆ ಹಿಮ ಮೆತ್ತಿ ಮುಚ್ಚುವುದು ಒಳ್ಳೆಯ ರೂಢಿ.

ಸರಿ, ಎಲ್ಲ ಸ್ಕ್ರೂಗಳೂ ಚೆನ್ನಾಗಿಯೇ ಕೂತಿವೆ ಎಂದುಕೊಳ್ಳೋಣ. ಆಗಲೂ ಬೀಳಬಾರದು. ಐಸ್ ಕ್ಲೈಂಬಿಂಗ್‌ನಲ್ಲಿ ಲೀಡ್ ಮಾಡುವವರು ಬೀಳಬಾರದು ಎಂಬ ಹಳೆಯ ನಿಯಮ ಸಲಕರಣೆ ಎಷ್ಟೇ ಸುಧಾರಿಸಿದರೂ ಉಳಿದುಕೊಂಡಿದೆ, ಕಾರಣ ನಿಮ್ಮ ಕಾಲಲ್ಲೇ ಇದೆ. ಗೋಡೆಯ ಮೇಲೆ ಬಿದ್ದರೆ ನುಣುಪಾದ ಶೂ ಜಾರುತ್ತದೆ. ಇಲ್ಲಿ ಬೂಟಿಗೆ ಕಟ್ಟಿದ ಕ್ರಾಂಪಾನ್‌ನ ಉಕ್ಕಿನ ಹಲ್ಲುಗಳು ಬೀಳುವಾಗ ಮಂಜುಗಡ್ಡೆಗೆ ಸಿಕ್ಕಿಕೊಳ್ಳುತ್ತವೆ. ಪಾದ ಅಲ್ಲೇ ನಿಲ್ಲುತ್ತದೆ, ದೇಹ ಕೆಳಗೆ ಹೋಗುತ್ತದೆ, ಹರಡು ತಿರುಚಿ ಮುರಿಯುತ್ತದೆ. ಹಗ್ಗ ತನ್ನ ಕೆಲಸ ಸರಿಯಾಗಿಯೇ ಮಾಡಿರುತ್ತದೆ, ಆದರೂ ಕಾಲು ಹೋಗುತ್ತದೆ. ಕೈಯಲ್ಲಿ ಎರಡು ಹರಿತವಾದ ಟೂಲ್‌ಗಳಿರುವುದನ್ನೂ ಮರೆಯಬೇಡಿ. ರಸ್ತೆಯಿಂದ ಮೂರು ಗಂಟೆ ದೂರದಲ್ಲಿ, ಮೈನಸ್ 10ರಲ್ಲಿ, ಮುರಿದ ಕಾಲು ಬರೀ ಮುರಿದ ಕಾಲಾಗಿ ಉಳಿಯುವುದಿಲ್ಲ.

ಬೀಳುವಾಗ ಹಗ್ಗದ ಲೆಕ್ಕವನ್ನೂ ಗಮನಿಸಿ. ಬಿದ್ದ ದೂರವನ್ನು ಹೊರಗಿರುವ ಹಗ್ಗದ ಉದ್ದದಿಂದ ಭಾಗಿಸಿದರೆ ಬರುವ ಸಂಖ್ಯೆ ದೊಡ್ಡದಾದಷ್ಟೂ ಎಳೆತ ಜೋರು. ಆದ್ದರಿಂದ ಬಿಲೇ ಜಾಗದಿಂದ (ಜೊತೆಗಾರರು ನಿಂತು ಹತ್ತುವವರ ಹಗ್ಗ ಹಿಡಿಯುವ ಜಾಗ) ಹೊರಟ ಕೂಡಲೇ, ಸುಲಭವೆನಿಸಿದರೂ, ಮೊದಲ ಸ್ಕ್ರೂ ಹಾಕಬೇಕು. ಬಿದ್ದವರನ್ನು ತಡೆಯುವ ಸ್ಕ್ರೂ ಮೇಲೆ ಬೀಳುವುದು ಬಿದ್ದವರ ಕಡೆಯ ಎಳೆತ ಮಾತ್ರವಲ್ಲ, ಬಿಲೇ ಕಡೆಯ ಎಳೆತವೂ ಸೇರಿ ಒಂದೂವರೆ ಪಟ್ಟಿಗಿಂತ ಹೆಚ್ಚು. ನೀರು ಕುಡಿದ ಹಗ್ಗದ ತಡೆಯುವ ಶಕ್ತಿ ಕುಗ್ಗುತ್ತದೆ, ಹೆಪ್ಪುಗಟ್ಟಿದ ಹಗ್ಗ ಬಿಲೇ ಸಾಧನದಲ್ಲಿ ಜಾರುತ್ತದೆ. ನೀರು ಹೀರದಂತೆ ಸಂಸ್ಕರಿಸಿದ ಹಗ್ಗವೇ ಬೇಕು.

ಮೇಲೇನಿದೆ ಎಂಬುದನ್ನು ಯಾರೂ ಕೇಳಿಲ್ಲ

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಅದರಲ್ಲಿ ಇಲ್ಲದ ಸಂಗತಿ. ದಾಟಬೇಕಾದ ಇಳಿಜಾರನ್ನು ಬಿಟ್ಟರೆ, ಜಲಪಾತದ ಮೇಲ್ಗಡೆ ಇನ್ನೇನಿದೆ ಎಂದು ನಿಮ್ಮಲ್ಲಿ ಯಾರೂ ಮಾತಾಡಿದಂತಿಲ್ಲ. ಜಲಪಾತ ಇರುವುದೇ ಬೆಟ್ಟದ ನೀರೆಲ್ಲ ಬಂದು ಸೇರುವ ಕಡೆ. ನೀರು ಸೇರುವಲ್ಲಿಗೆ ಹಿಮವೂ ಬಂದು ಸೇರುತ್ತದೆ. ಹತ್ತುವ ಗೋಡೆ 80 ಡಿಗ್ರಿ ಕಡಿದಾಗಿರುವುದರಿಂದ ಅದರ ಮೇಲೆ ಹಿಮ ನಿಲ್ಲುವುದಿಲ್ಲ, ನಿಜ. ಅದರ ಮೇಲಿನ ಬೋಗುಣಿಯಂಥ ಇಳಿಜಾರು 30ರಿಂದ 45 ಡಿಗ್ರಿಯ ಒಳಗಿದ್ದರೆ ಹಿಮಕುಸಿತಕ್ಕೆ ಅದೇ ತಕ್ಕ ಜಾಗ. ಕಣಿವೆಯಲ್ಲಿ ಕೆಳಗೆ ನಿಂತವರಿಗೆ ಅದು ಕಾಣಿಸುವುದೂ ಇಲ್ಲ. ಸ್ಕೀ ಮಾಡುವವರಿಗೆ ಪಾರಾಗಬಹುದಾದ ಸಣ್ಣ ಕುಸಿತವೂ ಗೋಡೆಗೆ ಅಂಟಿಕೊಂಡಿರುವ ನಿಮ್ಮನ್ನು ಕಿತ್ತು ಕೆಳಗೆ ಒಗೆಯಲು ಸಾಕು.

ಹೊರಡುವ ಮುನ್ನ ಆ ಪ್ರದೇಶದ ಹಿಮಕುಸಿತ ಮುನ್ಸೂಚನೆ ಓದಿ. ಅಪಾಯದ ಮಟ್ಟವನ್ನು 1ರಿಂದ 5ರವರೆಗೆ ಸೂಚಿಸುತ್ತಾರೆ. 3 ಎಂಬುದು ನಡುವಿನ ಸಂಖ್ಯೆಯಾದ್ದರಿಂದ ‘ಪರವಾಗಿಲ್ಲ’ ಎನಿಸುತ್ತದೆ. ಹಾಗಲ್ಲ, ಮೇಲೆ ಹಿಮ ತುಂಬಿದ ಬೋಗುಣಿ ಇರುವ ಜಲಪಾತಕ್ಕೆ 3ರ ದಿನ ಹೋಗಬಾರದು. ಕಳೆದ ಒಂದೆರಡು ದಿನಗಳಲ್ಲಿ ಹೊಸ ಹಿಮ ಬಿದ್ದಿದ್ದರೆ, ಗಾಳಿ ಬೀಸಿ ಹಿಮವನ್ನು ಒಂದೇ ಕಡೆ ಪೇರಿಸಿದ್ದರೆ, ತಾಪಮಾನ ಸರ್ರನೆ ಏರಿದ್ದರೆ ಜಾಗ ಬದಲಿಸಿ. ಹಿಮಕುಸಿತದ ಪ್ರದೇಶದಲ್ಲಿ ಮೂವರ ಮೈಮೇಲೂ ಟ್ರಾನ್ಸೀವರ್ (ಹೂತವರನ್ನು ಹುಡುಕುವ ರೇಡಿಯೊ ಸಾಧನ), ಚೀಲದಲ್ಲಿ ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕುವ ಉದ್ದ ಕೋಲು) ಮತ್ತು ಸಲಿಕೆ ಇರಲೇಬೇಕು. ಐಸ್ ಕ್ಲೈಂಬರ್‌ಗಳು ಭಾರವೆಂದು ಇವನ್ನು ಬಿಟ್ಟುಹೋಗುವುದು ಕೆಟ್ಟ ರೂಢಿ. ಹೂತುಹೋದವರು ಬದುಕುಳಿಯುವ ಸಾಧ್ಯತೆ ಮೊದಲ 10–15 ನಿಮಿಷ ಚೆನ್ನಾಗಿರುತ್ತದೆ, ಆಮೇಲೆ ಪಾತಾಳಕ್ಕೆ ಇಳಿಯುತ್ತದೆ. ಹೊರಗಿನಿಂದ ರಕ್ಷಣಾ ತಂಡ ಅಷ್ಟರಲ್ಲಿ ಬರುವುದಿಲ್ಲ, ಅಗೆಯಬೇಕಾದವರು ಜೊತೆಯಲ್ಲಿರುವವರೇ.

ಬೀಳುವ ಮಂಜುಗಡ್ಡೆಯ ಲೆಕ್ಕ ಸುಲಭ. ಒಂದು ಘನ ಮೀಟರಿನ ತೂಕ ಸುಮಾರು 917 ಕಿಲೋ. ಉದ್ದ, ಅಗಲ, ಎತ್ತರ ಮೂರೂ 30 ಸೆಂಟಿಮೀಟರ್ ಇರುವ ತುಂಡು ಹತ್ತಿರ ಹತ್ತಿರ 25 ಕಿಲೋ. ಅದು 20 ಮೀಟರ್ ಮೇಲಿಂದ ಬಿದ್ದರೆ ಗಂಟೆಗೆ 70 ಕಿಲೋಮೀಟರ್ ವೇಗದಲ್ಲಿ ಬರುತ್ತದೆ. ಹೆಲ್ಮೆಟ್ ಸಣ್ಣ ಚೂರುಗಳಿಗೆ ರಕ್ಷಣೆ, ಇದಕ್ಕಲ್ಲ. ಇದಕ್ಕಿರುವ ಉಪಾಯ ಒಂದೇ: ಬಿಲೇ ಮಾಡುವವರು ಹತ್ತುವವರ ನೇರ ಕೆಳಗೆ ನಿಲ್ಲದೆ ಪಕ್ಕಕ್ಕೆ, ಬಂಡೆಯ ಮರೆಗೆ ನಿಲ್ಲುವುದು. ಬೇರೆ ತಂಡ ಮೇಲಿದ್ದರೆ ಅವರ ಕೆಳಗೆ ಹತ್ತಲೇಬೇಡಿ. ಸರದಿ ಕಾಯಿರಿ, ಇಲ್ಲವೇ ವಾಪಸ್ ಬನ್ನಿ.

ಒಂದೇ ಹಗ್ಗಕ್ಕೆ ಮೂವರು

ಯೋಜನೆಯಲ್ಲಿ ಎಲ್ಲಕ್ಕಿಂತ ಅಪಾಯದ ಭಾಗ ಜಲಪಾತವಲ್ಲ, ಆಮೇಲಿನ ಆ ಇಳಿಜಾರು. 45 ಡಿಗ್ರಿಯ ಗಟ್ಟಿ ಮಂಜುಗಡ್ಡೆಯ ಮೇಲೆ ಜಾರಿದವರ ವೇಗ ಎರಡೇ ಸೆಕೆಂಡಿನಲ್ಲಿ ಗಂಟೆಗೆ 45–50 ಕಿಲೋಮೀಟರ್ ಮುಟ್ಟುತ್ತದೆ. ಹಿಮದ ಮೇಲಾದರೆ ಐಸ್ ಆ್ಯಕ್ಸ್ ಊರಿ ತಡೆದುಕೊಳ್ಳಬಹುದು. ಗಡ್ಡೆಗಟ್ಟಿದ ಮೇಲ್ಮೈಯಲ್ಲಿ ಆ್ಯಕ್ಸ್ ಕಚ್ಚುವ ಮೊದಲೇ ಕೈಯಿಂದ ಕಿತ್ತುಹೋಗುತ್ತದೆ. ನಡುವೆ ಸ್ಕ್ರೂ ಇಲ್ಲದೆ ಮೂವರು ಒಂದೇ ಹಗ್ಗಕ್ಕೆ ಕಟ್ಟಿಕೊಂಡರೆ ಒಬ್ಬರು ಜಾರಿದಾಗ ಉಳಿದಿಬ್ಬರೂ ಹೋಗುತ್ತಾರೆ. ಹಿಮನದಿಯ ಸಮತಟ್ಟಿನಲ್ಲಿ ಬಿರುಕಿಗೆ ಬಿದ್ದವರನ್ನು ಹಗ್ಗ ಉಳಿಸುತ್ತದೆ, ಅಲ್ಲಿಂದ ಬಂದ ಅಭ್ಯಾಸವನ್ನು ಕಡಿದಾದ ಇಳಿಜಾರಿಗೆ ತಂದಾಗ ಅದು ಮೂವರನ್ನೂ ಎಳೆಯುವ ಸಾಧನವಾಗುತ್ತದೆ. ಅಲ್ಲಿ ಆಯ್ಕೆ ಎರಡೇ. ಹಗ್ಗದಲ್ಲಿ ಸದಾ ಒಂದೆರಡು ಸ್ಕ್ರೂ ಇರುವಂತೆ ನೋಡಿಕೊಂಡು, ಬೇಕಾದಲ್ಲಿ ಪಿಚ್ ಪಿಚ್ ಆಗಿ ಬಿಲೇ ಮಾಡುತ್ತ ಹೋಗುವುದು ಒಂದು, ಅದಕ್ಕೆ ಹೊತ್ತು ಹಿಡಿಯುತ್ತದೆ. ಇಳಿಜಾರಿಗೆ ಹೋಗದೆ ಹತ್ತಿದ ದಾರಿಯಲ್ಲೇ ರಾಪೆಲ್ ಮಾಡಿ, ಅಂದರೆ ಮೇಲೆ ಕಟ್ಟಿದ ಹಗ್ಗದ ಮೇಲೆ ಜಾರುತ್ತ, ಇಳಿಯುವುದು ಇನ್ನೊಂದು.

ರಾಪೆಲ್‌ಗೆ ಮರ ಅಥವಾ ಬೋಲ್ಟ್ ಇದ್ದರೆ ಅದೇ ಮೇಲು. ಇಲ್ಲದಿದ್ದರೆ ಮಂಜುಗಡ್ಡೆಯಲ್ಲೇ ಕೊರೆಯುವ ಅಬಲಕೋವ್ ಆ್ಯಂಕರ್ (ಹಗ್ಗ ಕಟ್ಟುವ ಆಧಾರ) ಇದೆ, ಸೋವಿಯತ್ ಪರ್ವತಾರೋಹಿ ವಿತಾಲಿ ಅಬಲಕೋವ್ ಹೆಸರಿನದು. 22 ಸೆಂಟಿಮೀಟರ್ ಸ್ಕ್ರೂನಿಂದ ಸುಮಾರು 20 ಸೆಂಟಿಮೀಟರ್ ಅಂತರದಲ್ಲಿ ಎರಡು ರಂಧ್ರ, ಒಂದೊಂದೂ 60 ಡಿಗ್ರಿ ಓರೆಯಾಗಿ, ಒಳಗೆ ಸಂಧಿಸುವಂತೆ ಕೊರೆಯಬೇಕು. ಅದರೊಳಗೆ ಕೊಕ್ಕೆಯಿಂದ 7 ಮಿಲಿಮೀಟರ್ ದಪ್ಪದ ಹುರಿ ಎಳೆದು ಗಂಟು ಹಾಕಬೇಕು. ಮೊದಲು ಇಳಿಯುವವರ ಹೊತ್ತಿಗೆ ಪಕ್ಕದಲ್ಲೊಂದು ಸ್ಕ್ರೂ ಬೆಂಬಲಕ್ಕೆ ಇರಲಿ, ಅದರ ಮೇಲೆ ಭಾರ ಬೀಳದಷ್ಟು ಸಡಿಲವಾಗಿ. ಭಾರವಾದವರು ಮೊದಲು ಇಳಿದು, ಅಬಲಕೋವ್ ಅಲುಗಾಡದ್ದನ್ನು ನೋಡಿದ ಮೇಲೆ ಕೊನೆಯವರು ಆ ಸ್ಕ್ರೂ ಬಿಚ್ಚಿ ಇಳಿಯಬಹುದು. ಹಗ್ಗದ ಎರಡೂ ತುದಿಗೆ ಗಂಟು ಹಾಕದೆ ಇಳಿಯಬೇಡಿ.

ತೋಳಿಗಿಂತ ಕಾಲು

ತೋಳಿನ ಶಕ್ತಿಯ ಮಾತನ್ನು ಬೇಗ ಮುಗಿಸಬಹುದು. ಆಸ್ಕರ್ ಎಕೆನ್‌ಸ್ಟೈನ್ 1908ರಲ್ಲಿ ಹತ್ತು ಹಲ್ಲಿನ ಕ್ರಾಂಪಾನ್ ರೂಪಿಸಿದ, ಲಾರೆಂಟ್ ಗ್ರಿವೆಲ್ 1929ರಲ್ಲಿ ಅದಕ್ಕೆ ಮುಂದಕ್ಕೆ ಚಾಚಿದ ಎರಡು ಹಲ್ಲು ಸೇರಿಸಿದ. 1938ರಲ್ಲಿ ಸ್ವಿಟ್ಜರ್ಲೆಂಡ್‌ನ ಐಗರ್ ಪರ್ವತದ ಉತ್ತರ ಮುಖದಲ್ಲಿ ಹನ್ನೆರಡು ಹಲ್ಲಿನ ಕ್ರಾಂಪಾನ್ ತೊಟ್ಟ ಹೆಕ್‌ಮೈರ್ ಮತ್ತು ಫರ್ಗ್, ಮೆಟ್ಟಿಲು ಕಡಿಯುತ್ತ ಮೊದಲೇ ಹೊರಟಿದ್ದ ಕಾಸ್ಪರೆಕ್ ಮತ್ತು ಹಾರರ್ ಅವರನ್ನು ಹಿಂದಿನಿಂದ ಬಂದು ಹಿಡಿದರು. ಭಾರ ಕಾಲಿಗೆ ಹೋದದ್ದೇ ಆ ವ್ಯತ್ಯಾಸ. ಗೋಡೆಯಲ್ಲಿ ಪಳಗಿದವರು ಇಲ್ಲಿ ಮಾಡುವ ಸಾಮಾನ್ಯ ತಪ್ಪು ಹಿಮ್ಮಡಿ ಎತ್ತುವುದು. ಹಿಮ್ಮಡಿ ಎದ್ದರೆ ಮುಂಭಾಗದ ಹಲ್ಲುಗಳು ಮಂಜುಗಡ್ಡೆಯಿಂದ ಕಿತ್ತು ಬರುತ್ತವೆ. ಪಾದ ಅಡ್ಡಕ್ಕೆ ಸಮವಾಗಿ, ಹಿಮ್ಮಡಿ ತುಸು ಕೆಳಗೇ ಇರಬೇಕು. ಇದು ಕೈಕೊಡುವುದು ಮುಖ್ಯವಾಗಿ ಜಲಪಾತದ ಅಂಚಿನಲ್ಲಿ: ಕಡಿದಾದ ಗೋಡೆ ಮುಗಿದು ಮೇಲೆ ಮೆತ್ತನೆಯ ಹಿಮ ಶುರುವಾಗುವಾಗ ಜನ ‘ಮುಗಿಯಿತು’ ಎಂದು ಮುಂದಕ್ಕೆ ಬಾಗುತ್ತಾರೆ, ಹಿಮ್ಮಡಿ ತಾನಾಗಿಯೇ ಏಳುತ್ತದೆ, ಕೈಯಲ್ಲಿರುವ ಟೂಲ್ ಕಚ್ಚಿರುವುದು ಬರೀ ಹಿಮವನ್ನು. ಅಂಚಿಗೆ ಮೊದಲೇ ಒಂದು ಒಳ್ಳೆಯ ಸ್ಕ್ರೂ ಹಾಕಿ, ಆಮೇಲೆ ನಿಧಾನಕ್ಕೆ ದಾಟುವುದು ಕ್ರಮ.

ಬೆರಳುಗಳ ವಿಷಯ ಹೇಳಲೇಬೇಕು. ಕೈ ಸದಾ ತಲೆಯ ಮೇಲಿರುವುದರಿಂದ, ಟೂಲನ್ನು ಬಿಗಿಯಾಗಿ ಹಿಡಿಯುವುದರಿಂದ ರಕ್ತ ಓಡಾಟ ತಗ್ಗುತ್ತದೆ. ಆಮೇಲೆ ಕೈ ಬೆಚ್ಚಗಾಗುವಾಗ ಕೆಲವು ನಿಮಿಷ ಕಣ್ಣೀರು ತರಿಸುವ ನೋವು, ವಾಕರಿಕೆ ಬರುವುದುಂಟು. ಅದು ರಕ್ತ ಮರಳಿದ ಲಕ್ಷಣ, ಹೆದರಬೇಡಿ. ಬೆರಳು ಬಿಳುಚಿಕೊಂಡು, ಮೇಣದಂತಾಗಿ, ನೋವೇ ಗೊತ್ತಾಗದಿದ್ದರೆ ಅದು ಹಿಮಕಡಿತದ ಲಕ್ಷಣ. ಉಜ್ಜಬೇಡಿ, ಬೆಂಕಿಗೆ ಹಿಡಿಯಬೇಡಿ. ಮತ್ತೆ ಹೆಪ್ಪುಗಟ್ಟುವ ಭಯವಿಲ್ಲದ ಜಾಗಕ್ಕೆ ಬಂದ ಮೇಲೆ 37–39 ಡಿಗ್ರಿ ನೀರಿನಲ್ಲಿ ಅದ್ದಿಟ್ಟು ವೈದ್ಯರ ಬಳಿಗೆ ಹೋಗಬೇಕು. ಹತ್ತಲು ತೆಳು ಕೈಗವಸು, ಬಿಲೇಗೆ ದಪ್ಪದ್ದು, ಒದ್ದೆಯಾದರೆ ಬದಲಿಸಲು ಇನ್ನೊಂದು: ಹೀಗೆ ಮೂರು ಜೊತೆ ಒಯ್ಯಿರಿ. ಚಳಿಗೆ ಬೆರಳು ಬಿಳುಚುವ ರೇನೋ ತೊಂದರೆ ಇರುವವರು ಮೊದಲೇ ವೈದ್ಯರನ್ನು ಕೇಳಬೇಕು.

ನಿಮ್ಮ ಮುಂದಿರುವ ದಾರಿಗಳು

ನಾನು ಮೊದಲು ಹೇಳುವುದು ಟಾಪ್ ರೋಪ್, ಅಂದರೆ ಮೇಲಿನ ಆಧಾರದಿಂದ ಇಳಿಬಿಟ್ಟ ಹಗ್ಗಕ್ಕೆ ಕಟ್ಟಿಕೊಂಡು ಹತ್ತುವುದು. ತರಬೇತಿ ಪಡೆದ ಗೈಡ್ ಜೊತೆ, ನಡೆದು ಮೇಲಕ್ಕೆ ಹೋಗಲು ದಾರಿಯಿರುವ, ಮರ ಅಥವಾ ಬೋಲ್ಟ್‌ಗೆ ಆ್ಯಂಕರ್ ಹಾಕಬಹುದಾದ ಗೋಡೆಯಲ್ಲಿ ಕೆಲವು ದಿನ ಕಲಿಯಿರಿ. ಅಮೆರಿಕದ ಕೊಲೊರಾಡೊದ ಯೂರೇ ಕಣಿವೆಯಲ್ಲಿ ಕೊಳವೆಗಳಿಂದ ನೀರು ಚಿಮುಕಿಸಿ ಇದಕ್ಕೆಂದೇ ಮಂಜುಗಡ್ಡೆ ಬೆಳೆಸುತ್ತಾರೆ, ಅಂಥ ಪಾರ್ಕ್‌ಗಳು ಕಲಿಯಲು ಅನುಕೂಲ. ಬಿದ್ದರೆ ಒಂದೆರಡು ಅಡಿ ಜೋತಾಡುತ್ತೀರಿ, ಅಷ್ಟೆ. ಆದರೂ ಅಪಾಯ ಸೊನ್ನೆಯಲ್ಲ: ಬೀಳುವ ಚೂರುಗಳು ಅಲ್ಲೂ ಇವೆ, ಸ್ಕ್ರೂಗಳಿಂದ ಮಾಡಿದ ಟಾಪ್ ರೋಪ್ ಆ್ಯಂಕರ್ ಸತತ ಭಾರಕ್ಕೂ ಬಿಸಿಲಿಗೂ ಸಡಿಲವಾಗುತ್ತದೆ. ಅಂಥ ಆ್ಯಂಕರನ್ನು ಆಗಾಗ ಮೇಲೆ ಹೋಗಿ ನೋಡುತ್ತಿರಬೇಕು.

ಎರಡನೇ ದಾರಿ, ಅನುಭವಿಯ ಹಿಂದೆ ಎರಡನೆಯವರಾಗಿ ಹತ್ತುವುದು. ಹಗ್ಗ ಮೇಲಿನಿಂದ ಬರುವುದರಿಂದ ಬೀಳುವ ಅಪಾಯ ತಗ್ಗುತ್ತದೆ. ಕಂಬ ಮುರಿಯುವ, ಹಿಮ ಕುಸಿಯುವ ಅಪಾಯ ಒಂದಿಷ್ಟೂ ತಗ್ಗುವುದಿಲ್ಲ. ನಿಮ್ಮ ಸುರಕ್ಷತೆ ಪೂರ್ತಿ ಮುಂದಿರುವವರ ತೀರ್ಮಾನದ ಮೇಲೆ ನಿಂತಿರುತ್ತದೆ. ಹಾಗಿದ್ದರೂ ಕಲಿಯುವುದು ಇಲ್ಲೇ ಹೆಚ್ಚು: ಅವರು ಹಾಕಿದ ಪ್ರತಿ ಸ್ಕ್ರೂವನ್ನು ನೀವು ಬಿಚ್ಚುತ್ತೀರಿ, ಯಾವುದು ಗಟ್ಟಿ ಕೂತಿತ್ತು, ಯಾವುದು ಹೆಸರಿಗಷ್ಟೇ ಇತ್ತು ಎಂದು ಕೈಗೇ ತಿಳಿಯುತ್ತದೆ.

ಲೀಡ್ ಆಮೇಲಿನ ಮಾತು. ಹೆಪ್ಪುಗಟ್ಟಿದ ಜಲಪಾತಗಳ ಕಷ್ಟವನ್ನು ಡಬ್ಲ್ಯುಐ (ವಾಟರ್ ಐಸ್) 1ರಿಂದ 7ರವರೆಗೆ ಅಳೆಯುತ್ತಾರೆ. 2 ಎಂದರೆ ಸುಮಾರು 60 ಡಿಗ್ರಿ, 3 ಎಂದರೆ 70–80 ಡಿಗ್ರಿ, ನಡುವೆ ನಿಂತು ಸುಧಾರಿಸಿಕೊಳ್ಳಲು ಜಾಗಗಳಿರುತ್ತವೆ, 5ರಲ್ಲಿ ಉದ್ದಕ್ಕೂ ಲಂಬ. ಈ ಅಂಕಿ ಕಷ್ಟವನ್ನು ಹೇಳುತ್ತದೆ, ಅಪಾಯವನ್ನಲ್ಲ. ಹಿಮಕುಸಿತದ ಕೆಳಗಿನ 2 ಕೆಟ್ಟದ್ದು, ನೆರಳಲ್ಲಿ ಚೆನ್ನಾಗಿ ಕಟ್ಟಿದ 4 ಒಳ್ಳೆಯದು ಇರಬಹುದು. ಟಾಪ್ ರೋಪ್‌ನಲ್ಲಿ 4ನ್ನು ಒಮ್ಮೆಯೂ ಬೀಳದೆ, ಪ್ರತಿ ಎರಡು ಮೀಟರಿಗೊಮ್ಮೆ ನಿಂತು ಒಂದೇ ಕೈಯಲ್ಲಿ ಸ್ಕ್ರೂ ಹಾಕಿ ತೆಗೆಯುತ್ತ ಹತ್ತಬಲ್ಲವರು 2 ಅಥವಾ ಸುಲಭದ 3ರಲ್ಲಿ ಲೀಡ್ ಶುರು ಮಾಡಬಹುದು. ತೋಳು ಸೋಲುವ ಮೊದಲೇ ಕೆಳಗಿಳಿಯುವ ತೀರ್ಮಾನ ಮಾಡಲು ಬಾರದವರಿಗೆ ಇದು ಕೊಡಬಾರದ ಕೆಲಸ.

ಸಲಕರಣೆ ಮೊದಲ ಸೀಸನ್‌ಗೆ ಬಾಡಿಗೆಗೆ ಸಾಕು, ಬೂಟಿನ ವಿಷಯದಲ್ಲಿ ಮಾತ್ರ ರಾಜಿ ಬೇಡ. ಅಟ್ಟೆ ಬಾಗದ ಗಟ್ಟಿ ಬೂಟು ಬೇಕು, ಒಳಗೆ ಬೆರಳು ಅಲ್ಲಾಡಬೇಕು, ಹಿಮ್ಮಡಿ ಏಳಬಾರದು. ಕ್ರಾಂಪಾನ್ ಉಕ್ಕಿನದೇ ಇರಲಿ. ಹಗುರವೆಂದು ಅಲ್ಯೂಮಿನಿಯಂ ತಂದರೆ ಮಂಜುಗಡ್ಡೆಯ ಮೇಲೆ ಹಲ್ಲು ಮೊಂಡಾಗುತ್ತದೆ. ಅಡಿಯಲ್ಲಿ ಹಿಮ ಮೆತ್ತಿಕೊಳ್ಳದಂತೆ ತಡೆಯುವ ತಟ್ಟೆ ಇದೆಯೇ ನೋಡಿ. ಬಾಡಿಗೆಯ ಸ್ಕ್ರೂಗಳ ಹಲ್ಲನ್ನು ಬೆರಳಿನಿಂದ ಮುಟ್ಟಿ ಪರೀಕ್ಷಿಸಿ, ಮೊಂಡಾಗಿದ್ದರೆ ವಾಪಸ್ ಕೊಡಿ.

ಇನ್ನು ನಿಮ್ಮ ಸ್ನೇಹಿತನ ಹತ್ತಿರ ಕೂತು ಇಷ್ಟನ್ನು ನೇರವಾಗಿ ಕೇಳಿ. ಆ ಜಲಪಾತ ಯಾವ ದಿಕ್ಕಿಗೆ ಮುಖ ಮಾಡಿದೆ, ಬಿಸಿಲು ಎಷ್ಟು ಗಂಟೆಗೆ ತಾಗುತ್ತದೆ? ಮೇಲೆ ಎಷ್ಟು ಡಿಗ್ರಿಯ ಇಳಿಜಾರಿದೆ, ನಕ್ಷೆಯಲ್ಲಿ ನೋಡಿದ್ದೀಯಾ? ಕಳೆದ ಐದು ದಿನಗಳ ತಾಪಮಾನ ಹೇಗಿತ್ತು? ಅಬಲಕೋವ್ ಕೊನೆಯ ಸಲ ಯಾವಾಗ ಕೊರೆದೆ? ಒಬ್ಬರಿಗೆ ಕಾಲು ಮುರಿದರೆ ಉಳಿದಿಬ್ಬರು ಏನು ಮಾಡುತ್ತೇವೆ? ಎಷ್ಟು ಗಂಟೆಗೆ, ಎಲ್ಲಿದ್ದರೂ, ವಾಪಸ್ ತಿರುಗುತ್ತೇವೆ? ಈ ಉತ್ತರಗಳನ್ನೇ ಮನೆಯವರಿಗೂ ತಿಳಿಸಿ, ದಾರಿ ಮತ್ತು ಮರಳುವ ಹೊತ್ತಿನ ಜೊತೆ, ಎಷ್ಟು ಗಂಟೆಯವರೆಗೆ ಸುದ್ದಿ ಬರದಿದ್ದರೆ ರಕ್ಷಣಾ ತಂಡಕ್ಕೆ ಫೋನ್ ಮಾಡಬೇಕು ಎಂಬುದನ್ನು ಬರೆದುಕೊಡಿ. ಅವರ ಭಯ ಬುಡವಿಲ್ಲದ್ದಲ್ಲ, ಅದಕ್ಕೆ ಉತ್ತರ ಕೊಡುವ ಹೊಣೆ ನಿಮ್ಮ ತಂಡದ ಮೇಲಿದೆ. ಸ್ನೇಹಿತ ಈ ಪ್ರಶ್ನೆಗಳಿಗೆ ಬೇಸರಪಡದೆ ಉತ್ತರಿಸಿದರೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದರೆ, ಇಳಿಜಾರನ್ನು ಕೈಬಿಟ್ಟು ರಾಪೆಲ್‌ಗೆ ಒಪ್ಪಿದರೆ, ಟಾಪ್ ರೋಪ್ ಅಭ್ಯಾಸ ಮುಗಿಸಿದ ಮೇಲೆ ಎರಡನೆಯವರಾಗಿ ಅವನ ಹಿಂದೆ ಹತ್ತಬಹುದು. “ಇಷ್ಟೆಲ್ಲ ತಲೆ ಕೆಡಿಸ್ಕೋಬೇಡ, ಬಾ” ಎಂದರೆ ಈ ಸೀಸನ್‌ಗೆ ಬೇರೆ ಜೊತೆ ಹುಡುಕಿಕೊಳ್ಳಿ.